ಹುಲಿಗವ್ವ ಸುತ್ತಿದ ಕಾಯಿಲ್

ಯಲಬುರ್ಗಾದಲ್ಲಿ ವಾಲ್ವ್ ರೇಡಿಯೊ ರಿಪೇರಿ ಎಂದರೆ ದುರುಗಪ್ಪನ ಅಂಗಡಿ. ಆದರೆ ಸುಟ್ಟುಹೋದ ಕಾಯಿಲ್‌ಗಳನ್ನು, ಅಂದರೆ ತಂತಿಯ ಸುರುಳಿಗಳನ್ನು, ಹಿಂದಿನ ಕೋಣೆಯಲ್ಲಿ ಕೂತು ಮತ್ತೆ ಸುತ್ತುತ್ತಿದ್ದವಳು, ಗಂಡ ಸತ್ತ ಮೇಲೆ ತವರಿಗೆ ಬಂದ ಅವನ ತಂಗಿ ಹುಲಿಗವ್ವ. ಇದನ್ನು ದುರುಗಪ್ಪ ಯಾವ ಗಿರಾಕಿಗೂ ಹೇಳಿರಲಿಲ್ಲ.

೧೯೭೮ರಲ್ಲಿ ಬೇವೂರಿನ ಪಂಚಾಯ್ತಿ ರೇಡಿಯೊ ಕೆಟ್ಟಿತು. ಹುಬ್ಬಳ್ಳಿಯ ರಿಪೇರಿಯವರೂ ಕೈಚೆಲ್ಲಿದ ಮೇಲೆ ಅದು ದುರುಗಪ್ಪನ ಅಂಗಡಿಗೆ ಬಂತು. ಹುಲಿಗವ್ವ ಅದರ ಸುಟ್ಟ ಕಾಯಿಲ್‌ನ ಕೂದಲೆಳೆಯಂಥ ತಂತಿಯನ್ನು ಎಣಿಸುತ್ತ ಬಿಚ್ಚಿ, ಅಷ್ಟೇ ಸುತ್ತು ಹೊಸ ತಂತಿ ಸುತ್ತಿದಳು. ನಾಲ್ಕು ದಿನ ಹಿಡಿಯಿತು. ರೇಡಿಯೊ ಮಾತಾಡಿತು.

ರೇಡಿಯೊ ಒಯ್ಯಲು ಬಂದ ಬೇವೂರಿನವರು ಶಾಲು ತಂದು ದುರುಗಪ್ಪನಿಗೆ ಹೊದಿಸಿದರು. ಒಳಗೆ ಯಾರಿದ್ದಾರೆ ಎಂದು ಪಂಚಾಯ್ತಿ ಚೇರ್ಮನ್ನರು ಕೇಳಿದಾಗ ಅವನು, "ನಮ್ಮ ತಂಗಿರಿ. ಚಾ ಮಾಡಾಕ ಅದಾಳ," ಅಂದ.

ಹುಲಿಗವ್ವನ ಮೈ ಉರಿಯಿತು. ಹೊರಗೆ ಬಂದವಳೇ ರೇಡಿಯೊದ ಹಿಂಬದಿಯ ಹಲಗೆ ಕಿತ್ತಳು. "ಅಣ್ಣಾ, ಈ ಕಾಯಿಲ್‌ಗೆ ಎಷ್ಟು ಸುತ್ತು ಹಾಕಿದಿ? ಇವ್ರ ಮುಂದ ಹೇಳು."

ದುರುಗಪ್ಪ ಹಲಗೆ ಕಸಿಯಲು ಹೋದ. "ಒಳಗ ನಡಿ. ಮರ್ಯಾದಿ ಕಳೀಬ್ಯಾಡ."

"ಎರಡು ಸಾವಿರದ ನಾಕ್ನೂರಾ ಹನ್ನೆರಡು! ಹತ್ತು ವರ್ಷದಿಂದ ಈ ತಂತ್ಯಾಗ ಕಣ್ಣು ಕಳಕೊಂಡಾಕಿ ನಾನು. ಮರ್ಯಾದಿ ನಿಂದೊಬ್ಬಂದ ಏನು?"

ಚೇರ್ಮನ್ನರು ಶಾಲನ್ನು ತೆಗೆದು ಅವಳತ್ತ ಚಾಚಿದರು.

"ಅವನ ಮೈಮ್ಯಾಗಿಂದು ನನಗ ಬ್ಯಾಡ್ರಿ."

ಮರುದಿನ ಅವಳು ಅಂಗಡಿಯ ಮುಂಭಾಗದಲ್ಲೇ ಕೂತಳು. ದುರುಗಪ್ಪ ಮಾತು ಬಿಟ್ಟ, ಅವಳೂ ಮಾತಾಡಿಸಲಿಲ್ಲ. ಟ್ರಾನ್ಸಿಸ್ಟರ್ ರೇಡಿಯೊ ಮನೆಮನೆಗೂ ಹಬ್ಬಿ ಆ ಕೆಲಸವೇ ನಿಲ್ಲುವವರೆಗೂ ಕುಷ್ಟಗಿ, ಗಂಗಾವತಿಯ ಗಿರಾಕಿಗಳು ಅವಳನ್ನೇ ಕೇಳಿಕೊಂಡು ಬರುತ್ತಿದ್ದರು. ಅವಳ ಸಿಟ್ಟು ಮಾತ್ರ ಇಳಿಯಲಿಲ್ಲ.