ಮುಳುಗಿಸಿದವರ ಸಾಹಸ

“ಅವರು ಮುಳುಗಿಸಿದ್ದರಲ್ಲಿ ನಾವು ಅಣ್ಣತಮ್ಮ ಕೆಲಸಕ್ಕಿದ್ದ ಹಡಗೂ ಉಂಟು ಮಾಸ್ಟ್ರೇ!”

ಚಾ ಸೋಸುತ್ತಿದ್ದ ಇದಿನಬ್ಬ ಪಾತ್ರೆಯನ್ನು ಕುಕ್ಕಿಟ್ಟ. ಎರಡನೇ ಮಹಾಯುದ್ಧ ಮುಗಿದು ಹನ್ನೆರಡು ವರ್ಷವಾಗಿತ್ತು. ಫರಂಗಿಪೇಟೆಯ ಆ ಚಾದಂಗಡಿಯಲ್ಲಿ ದಿನವೂ ಎಲ್ಲರಿಗೂ ಪತ್ರಿಕೆ ಓದಿ ಹೇಳುತ್ತಿದ್ದವನು ನಾನು. ಅಂದು ಜರ್ಮನಿಯ ಜಲಾಂತರ್ಗಾಮಿಯೊಂದರ ಯುದ್ಧಸಾಹಸವನ್ನು ಕಥೆಯಂತೆ ರಸವತ್ತಾಗಿ ಓದಿದ್ದೆ.

“ಬಾಯ್ಲರಿಗೆ ಕಲ್ಲಿದ್ದಲು ಹಾಕ್ತಿದ್ದ ನನ್ನ ತಮ್ಮ ಮೇಲೆ ಬರ್ಲೇ ಇಲ್ಲ. ಅವನ ಹೆಸರು ಉಂಟಾ ನೋಡಿ.”

“ಮೊದಲು ಚಾ ಕೊಡು ಮಾರಾಯ,” ಎಂದು ಗಿರಾಕಿಯೊಬ್ಬ ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. ಅವನನ್ನು ಬೈಯುವ ಬಾಯಿ ನನಗೆಲ್ಲಿತ್ತು? ಆ ಸಾಹಸವನ್ನು ಚಪ್ಪರಿಸಿ ಓದಿದವನು ನಾನೇ.

ಪುಟವನ್ನು ಮೂರು ಸಲ ಹುಡುಕಿದೆ. ಕಪ್ತಾನನ ಪದಕವಿತ್ತು, ಅವನು ಸಾಕಿದ ಬೆಕ್ಕಿನ ಹೆಸರೂ ಇತ್ತು. ಸತ್ತವರಲ್ಲಿ ಒಬ್ಬನ ಹೆಸರೂ ಇರಲಿಲ್ಲ.