ಹತ್ತಿದ ಗೇರಿನಲ್ಲೇ ಇಳಿಯಬೇಕು

ಊಟಿಯಲ್ಲಿ ಪ್ರವಾಸಿಗರಿಗೆ ಬೈಕು ಬಾಡಿಗೆಗೆ ಕೊಡುವುದು ನನ್ನ ಕಸುಬು. ಹೀಗಿದ್ದೂ ನನ್ನ ಹೆಂಡತಿ ಒಂದು ದಿನವೂ ನನ್ನ ಬೈಕಿನ ಹಿಂದೆ ಕೂತು ಊರು ನೋಡಲು ಹೋದವಳಲ್ಲ. ಮಾರ್ಕೆಟ್ಟಿಗೆ ಹೋಗಿದ್ದಾಳೆ, ಆಸ್ಪತ್ರೆಗೆ ಹೋಗಿದ್ದಾಳೆ, ಮೋಯಾರಿನ ತನ್ನ ತವರಿಗೆ ಹೋಗಿದ್ದಾಳೆ, ಅಷ್ಟೇ. ಹೋದ ಸೆಪ್ಟೆಂಬರಿನಲ್ಲಿ, ಮಳೆಗೆ ಗಿರಾಕಿ ಇಲ್ಲದೆ ನಾನು ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತಿದ್ದಾಗ, ಅವಳು ಊಟದ ಡಬ್ಬಿಯ ಜೊತೆಗೆ ತನ್ನ ಫೋನನ್ನೂ ನನ್ನ ಮುಂದಿಟ್ಟಳು. ಫೋನಿನಲ್ಲಿ ಒಂದು ರಸ್ತೆ. ಎರಡೂ ಕಡೆ ಕಣ್ಣು ಹರಿಯುವಷ್ಟು ದೂರ ಬಿಳಿ ಉಪ್ಪು. ನಡುವೆ ಗಂಡ ಹೆಂಡತಿ ಇಬ್ಬರು ಬೈಕಿನಲ್ಲಿ ಹೋಗುತ್ತಿದ್ದರು.

"ಊರೋರ ಹೆಂಡ್ತೀರೆಲ್ಲ ನಿಮ್ಮ ಗಾಡೀಲಿ ಕೂತು ಬೆಟ್ಟ ನೋಡ್ಕೊಂಡು ಹೋದ್ರು," ಅಂದಳು. "ನನ್ನ ಒಂದ್ಸಲ ಇಲ್ಲಿಗೆ ಕರ್ಕೊಂಡು ಹೋಗಿ. ಬೆಟ್ಟ ಇಲ್ದಿರೋ ಜಾಗ ಹೆಂಗಿರ್ತದೆ ಅಂತ ನೋಡ್ಬೇಕು."

ಅದು ಗುಜರಾತಿನ ಕಛ್. ಭುಜ್‌ವರೆಗೆ ರೈಲು, ಅಲ್ಲಿ ಬೈಕು ಬಾಡಿಗೆಗೆ ಹಿಡಿದು ಉಪ್ಪಿನ ಮರುಭೂಮಿ, ಅಲ್ಲಿಂದ ವಾಪಸ್ ಬಂದು ಮಾಂಡವಿಯ ಸಮುದ್ರ. ಅವಳು ಸಮುದ್ರವನ್ನೂ ಕಂಡವಳಲ್ಲ. ಡಿಸೆಂಬರಿನಲ್ಲಿ ಹೋಗುವುದೆಂದು ಅವತ್ತೇ ತೀರ್ಮಾನವಾಯಿತು. ಬೈಕಿನ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ಮೀಸೆ ತಿರುವಿಕೊಂಡು, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಯೋಜನೆ ಬರೆಯಲು ಕೂತೆ. ನನ್ನ ಮಾನ ಹೋದದ್ದು ಆ ಯೋಜನೆಯಿಂದಲೇ.

ಮೊದಲ ತಪ್ಪು ನಗು ಬರುವಂಥದ್ದು. ನಮ್ಮ ಕಡೆ ದೂರವನ್ನು ಯಾರೂ ಕಿಲೋಮೀಟರಿನಲ್ಲಿ ಕೇಳುವುದಿಲ್ಲ, ಎಷ್ಟು ಹೊತ್ತು ಅಂತ ಕೇಳುತ್ತಾರೆ. ಊಟಿಯಿಂದ ಗೂಡಲೂರಿಗೆ ಎರಡು ಗಂಟೆ, ಮಂಜು ಇದ್ದರೆ ಎರಡೂವರೆ. ಆ ಅಂದಾಜಿಗೆ ಗುರುತಿಲ್ಲದ ದಾರಿಯೆಂದು ಇನ್ನಷ್ಟು ಕೂಡಿಸಿ, ಭುಜ್‌ನಿಂದ ಉಪ್ಪಿನ ಬಯಲಿನವರೆಗಿನ ಎಂಬತ್ತು ಚಿಲ್ಲರೆ ಕಿಲೋಮೀಟರಿಗೆ ಒಂದು ಇಡೀ ದಿನ ಬರೆದೆ. ದಾರಿಯಲ್ಲಿ ಸುಸ್ತಾಗುತ್ತದೆಂದು ನಡುವೆ ಒಂದು ರಾತ್ರಿ ತಂಗುವುದನ್ನೂ ಸೇರಿಸಿದೆ. ಸಾಮಾನಿನ ಪಟ್ಟಿಯಲ್ಲಿ ಮೊದಲನೆಯದು ಎರಡು ಸ್ವೆಟರ್, ಎರಡನೆಯದು ಮಂಕಿ ಕ್ಯಾಪ್. ಹೆಂಡತಿ ಓದಿ, "ಮರುಭೂಮಿಗಾ, ದೊಡ್ಡಬೆಟ್ಟಕ್ಕಾ?" ಅಂದಳು. ಗದರಿದೆ. ನನ್ನ ಬಾಯಿ ಸ್ವಲ್ಪ ಹಾಗೇ.

ಆ ಬಾಯಿಯ ವಿಷಯ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಮೇ ತಿಂಗಳ ಸೀಸನ್ನಿನಲ್ಲಿ ಬೆಳಿಗ್ಗೆ ಎಂಟಕ್ಕೇ ಅಂಗಡಿ ಮುಂದೆ ಸಾಲು. ಒಬ್ಬನಿಗೆ ಕೆಂಪು ಬೈಕೇ ಬೇಕು, ಒಬ್ಬಳಿಗೆ ಹೆಲ್ಮೆಟ್ಟಿನಲ್ಲಿ ವಾಸನೆ, ಇನ್ನೊಬ್ಬರಿಗೆ ಊಟಿಯಲ್ಲಿ ಹಿಮ ಎಲ್ಲಿ ಬೀಳುತ್ತದೆ ಅಂತ ಗೊತ್ತಾಗಬೇಕು. ಹೊಸದರಲ್ಲಿ ನಾನು ಎಲ್ಲರಿಗೂ ಒಂದು ಮಾತು ತಪ್ಪದೆ ಹೇಳುತ್ತಿದ್ದೆ: ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ. ಬೆಟ್ಟದವರಿಗೆ ಇದು ಯಾರೂ ಕಲಿಸದೆ ಬರುವ ಬುದ್ಧಿ. ಇಳಿಜಾರಿನಲ್ಲಿ ಗಾಡಿಯನ್ನು ತಡೆಯಬೇಕಾದದ್ದು ಇಂಜಿನ್. ಬರೀ ಬ್ರೇಕು ಒತ್ತಿಕೊಂಡು ಮೈಲಿಗಟ್ಟಲೆ ಇಳಿದರೆ ಬ್ರೇಕು ಕಾದು, ಆಮೇಲೆ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ಬಯಲಿನವರಿಗೆ ಇದು ಹೇಗೆ ಗೊತ್ತಿರಬೇಕು? ಆದರೆ ಹೇಳಿದರೆ ಕೆಲವರು ನಗುತ್ತಿದ್ದರು. "ನಾವೂ ಗಾಡಿ ಓಡಿಸ್ತೀವಿ ಸಾರ್" ಅನ್ನುತ್ತಿದ್ದರು. ಕ್ರಮೇಣ ನಿಲ್ಲಿಸಿಬಿಟ್ಟೆ. ಲೈಸೆನ್ಸ್ ಇದೆಯಲ್ಲ, ಅವರಿಗೇ ಗೊತ್ತಿರಲಿ ಎಂಬ ಉಡಾಫೆ. ಪ್ರವಾಸಿಗರ ಮೇಲೆ ನನಗೆ ತಾತ್ಸಾರ ಬಂದಿತ್ತು. ಅವರಿಂದಲೇ ನನ್ನ ಮನೆಯ ಒಲೆ ಉರಿಯುತ್ತಿತ್ತು ಎಂಬುದು ಬೇರೆ ಮಾತು.

ಹೋದ ಮೇ ತಿಂಗಳಲ್ಲಿ ಗದಗಿನ ಕಡೆಯಿಂದ ಒಂದು ಜೋಡಿ ಬಂದಿತ್ತು. ನಮ್ಮಷ್ಟೇ ವಯಸ್ಸು. ಗಂಡ ಬಿಳಿ ಅಂಗಿಯ ತೋಳನ್ನು ಮೊಣಕೈವರೆಗೆ ನೀಟಾಗಿ ಮಡಚಿದ್ದ. ಹೆಂಡತಿ ಹೊಸ ಕಾಲುಚೀಲಕ್ಕೆ ಚಪ್ಪಲಿ ಹಾಕಿದ್ದರು. ಊರಲ್ಲಿ ಬೈಕು ಓಡಿಸಿ ಅಭ್ಯಾಸವಿದೆ, ಬೆಟ್ಟ ಇದೇ ಮೊದಲು ಎಂದು ಆತನೇ ಹೇಳಿದ. ನೀಟು ಮನುಷ್ಯ, ಎಲ್ಲವನ್ನೂ ಕೇಳುತ್ತಿದ್ದ. ಪೆಟ್ರೋಲ್ ಎಲ್ಲಿ ಸಿಗುತ್ತದೆ, ಹಾರ್ನು ಎಲ್ಲಿ ಹೊಡೆಯಬೇಕು, ಚಳಿಗೆ ಇಂಜಿನ್ ಹಿಡಿಯುತ್ತದೆಯೇ. ಅವನ ಹಿಂದೆ ಆರೇಳು ಜನ ನಿಂತಿದ್ದರು. ನನ್ನ ತಲೆ ಕೆಟ್ಟಿತ್ತು. ಕೊನೆಗೆ ಬೈಕು ಹತ್ತಿದವನು ಮತ್ತೆ ಇಳಿದು ಬಂದು ಕೇಳಿದ.

"ಗೂಡಲೂರ ಕಡೆ ಹೊಂಟೇವ್ರಿ. ಇಳಿಯುವಾಗ ಏನರ ನೋಡ್ಕೋಬೇಕೇನ್ರಿ, ಸರ?"

"ರಸ್ತೆ ನೋಡ್ಕಳಿ," ಅಂದೆ. ಸಾಲಿನಲ್ಲಿದ್ದವರು ನಕ್ಕರು. ಆತನೂ ನಕ್ಕ. ಅವನ ಹೆಂಡತಿ ನಗಲಿಲ್ಲ.

ನಡುವಟ್ಟಂ ದಾಟಿ ಕೆಳಗಿಳಿಯುವ ತಿರುವಿನಲ್ಲಿ ಬಿದ್ದರು. ಬೈಕು ಸಂಜೆ ಗೂಡ್ಸ್ ಆಟೋದಲ್ಲಿ ಬಂತು. ಹಿಂದಿನ ಚಕ್ರದ ಹತ್ತಿರ ಮೂಗು ಒಯ್ದೆ, ಬ್ರೇಕಿನ ಲೈನಿಂಗ್ ಸುಟ್ಟ ವಾಸನೆ ಇನ್ನೂ ಹೋಗಿರಲಿಲ್ಲ. ಏನಾಯಿತೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಮರುದಿನ ಆತ ಬಂದ. ಮೊಣಕೈಗೆ ಪಟ್ಟಿ, ಅಂಗಿ ಅದೇ. ಹೆಂಡತಿಯ ಬಲಗೈ ಮಣಿಕಟ್ಟು ಮುರಿದು ಗೂಡಲೂರಿನ ಆಸ್ಪತ್ರೆಯಲ್ಲಿದ್ದಾರೆ ಎಂದ. ಆಮೇಲೆ ನನ್ನ ಮುಂದೆ ಕೈ ಮುಗಿದ. "ತಪ್ಪಾತ್ರಿ ಸರ, ನಿಮ್ಮ ಗಾಡಿ ಹಾಳ ಮಾಡಿದೆ. ನನಗ ಓಡಸಾಕ ಬರಲಿಲ್ಲ."

ನಾನು ಏನು ಮಾಡಿದೆ? "ಆಯ್ತು, ಬಿಡಿ," ಅಂದೆ. ದೊಡ್ಡ ಮನಸ್ಸಿನವನ ಹಾಗೆ ಅವನ ಭುಜ ತಟ್ಟಿದೆ. ಕ್ಷಮೆ ಕೇಳಬೇಕಾದವನು ಕ್ಷಮಿಸಿ ಕಳಿಸಿದೆ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಹೆಂಡತಿಗೆ, "ವೇಗವಾಗಿ ಹೋಗಿ ಬಿದ್ರು" ಎಂದಷ್ಟೇ ಹೇಳಿದ್ದೆ. ಅವಳು, "ಕನ್ನಡದೋರು, ಇಲ್ಲಿ ಯಾರವ್ರೆ ಅವ್ರಿಗೆ," ಎಂದು ಅನ್ನ ಸಾರು ಕಟ್ಟಿಕೊಂಡು ಬಸ್ಸಿನಲ್ಲಿ ಗೂಡಲೂರಿಗೆ ಹೋಗಿ ಬಂದಳು, ಎರಡು ಸಲ. ಆ ಹೆಂಗಸಿಗೂ ಇವಳಿಗೂ ಫೋನಿನ ಸ್ನೇಹ ಬೆಳೆಯಿತು. ನಾನು ಆ ಮಾತು ಬಂದಾಗಲೆಲ್ಲ ಎದ್ದು ಹೋಗುತ್ತಿದ್ದೆ.

ಇದಿಷ್ಟು ಹಿಂದಿನದು. ಈಗ ಭುಜ್‌ಗೆ ಫೋನ್ ಮಾಡಿದ ದಿನಕ್ಕೆ ಬರುತ್ತೇನೆ. ಅಲ್ಲಿ ಬೈಕು ಬಾಡಿಗೆಗೆ ಕೊಡುವ ಒಬ್ಬರ ನಂಬರ್ ಸಿಕ್ಕಿತ್ತು. ಭಾನುವಾರ ಮಧ್ಯಾಹ್ನ ಮನೆಯಲ್ಲಿ, ಹೆಂಡತಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಅದರಲ್ಲಿ ನನ್ನ ಗತ್ತೂ ಇತ್ತು. ಬಾಡಿಗೆಯವನಿಗೆ ಬಾಡಿಗೆಯವನೇ ಹೇಗೆ ಪ್ರಶ್ನೆ ಹಾಕುತ್ತಾನೆ ಎಂದು ಅವಳು ನೋಡಲಿ ಎಂದು. ನನ್ನ ಅಂಗಡಿ ಹಿಂದಿಯಲ್ಲಿ ಶುರು ಮಾಡಿದೆ. ಟೈರ್ ಎಷ್ಟು ಸವೆದಿದೆ, ಚೈನು ಯಾವಾಗ ಬದಲಾಯಿಸಿದ್ದು, ದಾರಿಯಲ್ಲಿ ನಿಂತರೆ ಯಾರು ಬರುತ್ತಾರೆ.

ಆ ಕಡೆಯವರು ವಯಸ್ಸಾದ ಮನುಷ್ಯ. ನನ್ನ ಗತ್ತನ್ನು ಗಮನಿಸಿಯೇ ಇಲ್ಲ ಎಂಬಂತೆ ಎಲ್ಲದಕ್ಕೂ ಉತ್ತರ ಕೊಟ್ಟರು. ನನ್ನ ಯೋಜನೆ ಕೇಳಿ, ನಡುವೆ ತಂಗಲು ಜಾಲಿ ಗಿಡ ಬಿಟ್ಟರೆ ಏನೂ ಇಲ್ಲ, ಎರಡು ಗಂಟೆಯೊಳಗೆ ತಲುಪುತ್ತೀರಿ ಎಂದು ನಕ್ಕರು. ಯಾವ ಊರಿನವರು ಎಂದು ಕೇಳಿದರು. ಬೆಟ್ಟದವರು ಎಂದಾಗ ದನಿ ಬದಲಾಯಿತು.

"ಹಾಗಾದರೆ ಇದನ್ನು ಕೇಳಿಕೊಳ್ಳಿ, ಭಾಯಿ," ಎಂದರು. "ನಿಮ್ಮಲ್ಲಿ ತಿರುವು ಮನುಷ್ಯನನ್ನು ಎಚ್ಚರವಾಗಿಡುತ್ತದೆ. ನಮ್ಮ ರಸ್ತೆ ನೇರ. ಕಣ್ಣು ತೆರೆದಿದ್ದ ಹಾಗೇ ನಿದ್ದೆ ಬರುತ್ತದೆ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ, ಇಳಿದು, ಮುಖಕ್ಕೆ ನೀರು ಹಾಕಿಕೊಳ್ಳಿ. ಉಪ್ಪು ಗಟ್ಟಿ ನೆಲದಂತೆ ಕಾಣುತ್ತದೆ, ಡಾಂಬರು ಬಿಟ್ಟು ಒಂದು ಅಡಿಯೂ ಬೈಕು ಇಳಿಸಬೇಡಿ, ಕೆಳಗೆ ಕೆಸರು. ಅಡ್ಡಗಾಳಿ ಬಂದರೆ ಹೆಂಡತಿಗೆ ನಿಮಗೆ ಅಂಟಿಕೊಂಡು ಕೂರಲು ಹೇಳಿ. ಮಾಂಡವಿಯಲ್ಲಿ ಮರಳಿನ ಮೇಲೆ ನಿಲ್ಲಿಸುವಾಗ ಸ್ಟ್ಯಾಂಡಿನ ಕೆಳಗೆ ಒಂದು ಚಪ್ಪಟೆ ಕಲ್ಲಿಡಿ."

ನಾವು ಅವರಿಗೆ ಇನ್ನೂ ಗಿರಾಕಿಗಳೂ ಆಗಿರಲಿಲ್ಲ. ಫೋನ್ ಇಟ್ಟರೆ ಮತ್ತೆ ಮಾಡುತ್ತೇವೋ ಇಲ್ಲವೋ ಅದೂ ಗೊತ್ತಿರಲಿಲ್ಲ. ಹೆಂಡತಿ ಕ್ಯಾಲೆಂಡರಿನ ಹಾಳೆಯಲ್ಲಿ ನನ್ನ ಸ್ವೆಟರ್ ಮಂಕಿ ಕ್ಯಾಪುಗಳ ಮೇಲೆ ಗೀಟು ಹಾಕಿ, ಅವರು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಳು. ಚಪ್ಪಟೆ ಕಲ್ಲು ಎಂಬಲ್ಲಿ ಕೆಳಗೆ ಗೆರೆ ಎಳೆದಳು. ಗದಗಿನವನು ಬೈಕಿನಿಂದ ಇಳಿದು ಬಂದು ಕೇಳಿದ್ದು ನೆನಪಾಗಿ, ಮಾತು ಮುಗಿಸಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಅವರೇ ಕೇಳಿದರು.

"ನಾನೂ ಒಮ್ಮೆ ನನ್ನವಳನ್ನು ಕರೆದುಕೊಂಡು ನಿಮ್ಮ ಕಡೆ ಬರಬೇಕೆಂದಿದ್ದೇನೆ. ಬೆಟ್ಟ ಇಳಿಯುವಾಗ ಏನು ನೋಡಿಕೊಳ್ಳಬೇಕು, ಭಾಯಿ?"

"ಹತ್ತಿದ ಗೇರಿನಲ್ಲೇ ಇಳಿಯಬೇಕು," ಅಂದೆ. ತಾನಾಗಿ ಬಾಯಿಗೆ ಬಂತು. ಬ್ರೇಕನ್ನು ನಂಬಬಾರದು, ಒತ್ತಿ ಹಿಡಿದರೆ ಕಾದು ಕೈಕೊಡುತ್ತದೆ ಎಂದೂ ಸೇರಿಸಿದೆ. ಹೇಳಿ ಮುಗಿಸಲು ಹತ್ತು ಸೆಕೆಂಡೂ ಬೇಕಾಗಲಿಲ್ಲ.

ಫೋನ್ ಇಟ್ಟ ಮೇಲೆ ಹೆಂಡತಿ ಪೆನ್ನಿನ ಮುಚ್ಚಳ ಹಾಕಿದಳು.

"ಆ ಗದಗಿನೋರಿಗೆ ಇದನ್ನ ಹೇಳಿದ್ರಾ?"

"ಹೇಳಿದ್ದೆ. ಅವ್ರು ಕೇಳ್ಲಿಲ್ಲ."

ನನ್ನ ಕಿವಿಗೇ ಆ ಸುಳ್ಳು ಕೆಟ್ಟದಾಗಿ ಕೇಳಿಸಿತು.

"ಆ ಅಕ್ಕ ಆಸ್ಪತ್ರೇಲಿ ನಂಗೆ ಹೇಳಿದ್ರು," ಅಂದಳು. "ಗಾಡಿ ಹತ್ತುದ ಮ್ಯಾಲೂ ಇಳಿದು ಹೋಗಿ ಕೇಳುದ್ರು ನಮ್ಮೋರು, ಅಂತ. ನೀವು ಏನೋ ತಮಾಷೆ ಮಾಡಿದ್ರಂತೆ. ತಮಾಷೆ ಏನು ಅಂತ ನಾನು ಕೇಳ್ಲಿಲ್ಲ. ದಾರೀಲಿ ಬ್ರೇಕು ಹಿಡಿದೇ ಇದ್ರಂತೆ, ಹಿಡಿದೇ ಇದ್ರಂತೆ, ಆಮೇಲೆ ಬ್ರೇಕೇ ಇರ್ಲಿಲ್ವಂತೆ. ಬ್ರೇಕು ಹಂಗೆ ಹೋಯ್ತದೆ ಅಂತ ನಂಗೇನು ಗೊತ್ತು? ಇವತ್ತು ಗೊತ್ತಾಯ್ತು."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ. ನನ್ನದು ಹತ್ತು ಸೆಕೆಂಡಿಗೆ ಹೋಗಿತ್ತು. ನಡೆದದ್ದನ್ನೆಲ್ಲ ಹೇಳಿದೆ, ಸಾಲು, ನಗು, ಸುಟ್ಟ ವಾಸನೆ, ಭುಜ ತಟ್ಟಿದ್ದು, ಒಂದನ್ನೂ ಬಿಡದೆ. ಬೈಯಲಿ ಎಂದು ಕಾದೆ. ಅವಳು ಬೈಯಲಿಲ್ಲ. ಕ್ಯಾಲೆಂಡರಿನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಡುಗೆಮನೆಯ ಡಬ್ಬಿಯ ಕೆಳಗಿಟ್ಟಳು.

"ಆ ಅಕ್ಕಂಗೆ ಆ ಕೈಲಿ ರೊಟ್ಟಿ ಬಡಿಯಕ್ಕೆ ಇನ್ನೂ ಆಗಲ್ವಂತೆ," ಅಂದಳು. "ಗಂಡನೇ ಬಡೀತಾರಂತೆ. ನಂಗೆ ಓಡ್ಸಕ್ಕೆ ಬರ್ಲಿಲ್ಲ, ನನ್ನಿಂದ್ಲೇ ನಿನ್ನ ಕೈ ಹೋಯ್ತು ಅಂತ ಹೇಳ್ಕೊಂಡು ಬಡೀತಾರಂತೆ. ಆವತ್ತಿಂದ ಅವ್ರು ಬೈಕು ಮುಟ್ಟಿಲ್ಲ."

ಮುರಿದ ಮಣಿಕಟ್ಟಿಗಾದರೂ ಪಟ್ಟಿ ಕಟ್ಟಿದ್ದರು. ಅವನ ಮೇಲೆ ನಾನು ಹೊರಿಸಿದ ತಪ್ಪನ್ನು ಅವನು ನಾಲ್ಕು ತಿಂಗಳಿಂದ ಒಬ್ಬನೇ ಹೊತ್ತುಕೊಂಡು ತಿರುಗುತ್ತಿದ್ದ. ಅದನ್ನು ಇಳಿಸಲು ಲೋಕದಲ್ಲಿ ನನ್ನೊಬ್ಬನಿಗೇ ಸಾಧ್ಯವಿತ್ತು, ನಾನು ಮಾತ್ರ ಮರುಭೂಮಿ ನೋಡಲು ಹೊರಟಿದ್ದೆ.

ಮರುದಿನ ಬೆಳಿಗ್ಗೆ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಅವಳು ಫೋನ್ ತಂದು ನನ್ನ ಕೈಯಲ್ಲಿಟ್ಟಳು. ರಿಂಗಾಗುತ್ತಿತ್ತು. "ನೀವು ಮಾತಾಡಿ. ಆಮೇಲೆ ಹೋಗೋದಾ ಬಿಡೋದಾ ನೋಡಾಣ," ಎಂದು ಎದುರಿಗೇ ಕೂತಳು. ಆ ಕಡೆಯಿಂದ ಗದಗಿನ ಆ ಹೆಂಗಸಿನ ಗಂಡನೇ ಎತ್ತಿದ. ಹಿಂದೆ ತಟ್ಟೆ ಲೋಟದ ಸದ್ದು ಕೇಳುತ್ತಿತ್ತು. ನಾನು ಯಾರೆಂದು ಹೇಳಿದೆ.

"ನಮಸ್ಕಾರ್ರಿ, ಸರ," ಎಂದ. ದನಿಯಲ್ಲಿ ಗಾಬರಿಯಿತ್ತು. "ಆ ಗಾಡಿ ಹೆಂಗೈತ್ರಿ ಈಗ? ರಿಪೇರಿ ಚಲೋ ಆತಿಲ್ರಿ?"

ಗಾಡಿ ಚೆನ್ನಾಗಿದೆ ಎಂದೆ. ಆಮೇಲೆ ಹೇಳಿದೆ. ಗೇರಿನ ಮಾತು, ನನಗೆ ಅದು ಗೊತ್ತಿದ್ದದ್ದು, ಬೇಕಂತಲೇ ಹೇಳದೆ ಬಿಟ್ಟದ್ದು, ಮರುದಿನ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದು. ನಿಮ್ಮ ತಪ್ಪಲ್ಲ, ಗೊತ್ತಿಲ್ಲದ ಯಾರೇ ಆಗಿದ್ದರೂ ಹಾಗೇ ಬೀಳುತ್ತಿದ್ದರು, ತಪ್ಪು ನನ್ನದು ಎಂದೆ. ಲೈನ್ ಕಡಿದು ಹೋಯಿತೇನೋ ಎಂದು ಫೋನನ್ನು ಕಿವಿಯಿಂದ ತೆಗೆದು ನೋಡಿದೆ, ಇತ್ತು. ತಟ್ಟೆ ಲೋಟದ ಸದ್ದು ನಿಂತಿತ್ತು.

"ನಾ ಕೇಳಿದ್ನಲ್ರಿ, ಸರ," ಎಂದ ಕೊನೆಗೆ, ಮೆಲ್ಲಗೆ.

"ಕೇಳಿದ್ರಿ," ಅಂದೆ.