ಎಂಬತ್ತೊಂದು ಕಿಲೋ, ಒಪ್ಪೊತ್ತಿನ ಊಟ

ಹೇಳಿ ಹೇಳಿ ತುಳಸಮ್ಮನ ಬಾಯಿ ಒಣಗಿತ್ತು. "ನಾ ತಿನ್ನೋದಿಲ್ಲ, ತಿನ್ನೋದಿಲ್ಲ, ತಿನ್ನೋದಿಲ್ಲ!" ಯಾರು ನಂಬಬೇಕು? ತೂಕದ ಯಂತ್ರ ಎಂಬತ್ತೊಂದು ಕಿಲೋ ಅನ್ನುತ್ತಿತ್ತು. ಬಳ್ಳಾರಿಯ ಮೂಳೆ ಡಾಕ್ಟರು ಎರಡೂ ಮೊಣಕಾಲು ನೋಡಿ, "ಎಂಟು ಕಿಲೋ ಇಳಿಸ್ರಿ, ಆಮೇಲೆ ಆಪರೇಷನ್" ಎಂದು ವರ್ಷವಾಗಿತ್ತು. ಆ ವರ್ಷದಲ್ಲಿ ಇಳಿದದ್ದು ಮುನ್ನೂರು ಗ್ರಾಂ. ಅದೂ ತಲೆಗೂದಲು ಉದುರಿದ್ದಕ್ಕೇ ಇರಬೇಕು.

ಐವತ್ತೇಳರ ಈ ಹೆಂಗಸಿನ ದಿನಚರಿ ಕೇಳಿ. ನಸುಕಿನಲ್ಲೆದ್ದು ಸ್ನಾನ, ಮಡಿ, ಅಡುಗೆ. ದೇವರ ನೈವೇದ್ಯ ಆಗಬೇಕು, ಗಂಡನ ಊಟ ಆಗಬೇಕು, ಬಂದುಹೋಗುವವರದ್ದಾಗಬೇಕು. ಎರಡು ಗಂಟೆಗೆ ತಳದಲ್ಲಿ ಉಳಿದ ಅನ್ನ, ಸಾರು ಇವಳ ಪಾಲು. ರಾತ್ರಿ ಹಿಡಿ ಅವಲಕ್ಕಿ, ಲೋಟ ಹಾಲು. ಏಕಾದಶಿಗೆ ನೀರೂ ಇಲ್ಲ. ತೂಕ ಇಳಿಯಲಿಲ್ಲವೆಂದು ಈ ವರ್ಷ ಗುರುವಾರ, ಶನಿವಾರದ ಉಪವಾಸ ಬೇರೆ ಸೇರಿಸಿಕೊಂಡಳು. ನಾಲ್ಕು ಮೆಟ್ಟಿಲಿಗೆ ಏದುಸಿರು, ಮಧ್ಯಾಹ್ನ ಕೂತಲ್ಲೇ ತೂಕಡಿಕೆ. ತೂಕ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಗಂಡ ವಾಸುದೇವರಾಯರು ಸಿರುಗುಪ್ಪದಲ್ಲಿ ಗುಮಾಸ್ತರಾಗಿದ್ದು, ನಿವೃತ್ತರಾಗಿ ಬಳ್ಳಾರಿಗೆ ಬಂದು ನೆಲೆಸಿದವರು. ನಾಲ್ಕು ಜನ ಸೇರಿದರೆ ಅವರಿಗೆ ಚೇಷ್ಟೆ ಬೇಕೇ ಬೇಕು. ಹೋದ ತಿಂಗಳು ಸಿರುಗುಪ್ಪದಲ್ಲಿ ಅವರ ತಂಗಿಯ ಮಗಳ ಮದುವೆ. ಪಂಕ್ತಿಯಲ್ಲಿ ಕೂತು, "ನಮ್ಮಾಕಿ ಮಡಿಯೊಳಗಿದ್ದಾಗ ಅಡಿಗಿಮನಿ ಹೊಸ್ತಿಲಾ ಯಾರೂ ದಾಟೋಹಂಗಿಲ್ಲ. ಒಳಗ ಏನ್ ನಡೀತದೋ ಆ ದೇವರಿಗೇ ಗೊತ್ತು!" ಎಂದುಬಿಟ್ಟರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ತುಳಸಮ್ಮನಿಗೆ ಮೈಯೆಲ್ಲ ಉರಿಯಿತು. ಮಡಿಯಲ್ಲಿ, ನೈವೇದ್ಯಕ್ಕೆ ಮುಂಚೆ ಕದ್ದು ತಿಂದಳು ಅನ್ನಿಸಿಕೊಳ್ಳುವುದಕ್ಕಿಂತ ಸಾಯುವುದು ಮೇಲು. ಮೊಣಕಾಲು ಹಾಳಾಗಿ ಹೋಗಲಿ, ಮೊದಲು ಈ ಮಾತು ಸುಳ್ಳಾಗಬೇಕು ಎಂದು ಹಠ ಹಿಡಿದಳು.

ಸುಮ್ಮನೆ ಮಲಗಿದ್ದಾಗಲೂ ಉಸಿರಾಡಲು, ರಕ್ತ ಓಡಿಸಲು ದೇಹ ಎಷ್ಟು ಸುಡುತ್ತದೆಂದು ಅಳೆಯುವ ಯಂತ್ರ ಊರಿನ ಒಂದು ಕ್ಲಿನಿಕ್ಕಿಗೆ ಬಂದಿತ್ತು. ತುಳಸಮ್ಮ ಅಲ್ಲಿ ದಿನ ಗೊತ್ತುಮಾಡಿಕೊಂಡಳು. "ಖಾಲಿ ಹೊಟ್ಟೀಲೆ ಬರ್ರಿ. ಎದ್ದವರು ಹಂಗೇ ಬರ್ರಿ, ಏನೂ ಕೆಲಸ ಮಾಡಬ್ಯಾಡ್ರಿ" ಎಂದು ಆ ಯಂತ್ರ ನೋಡಿಕೊಳ್ಳುವ ಕುರುಗೋಡಿನ ಸೌಂದರ್ಯ ಫೋನಿನಲ್ಲೇ ಹೇಳಿದ್ದಳು.

ಎದ್ದವರು ಹಾಗೇ ಹೋಗುವುದುಂಟೇ? ದೇವರೇನು ಉಪವಾಸ ಕೂಡಬೇಕೇ? ಪುಷ್ಯ ಮಾಸದ ಚಳಿ. ಒಣಗಿಸಿದ್ದ ಮಡಿಸೀರೆಗೆ ರಾಯರ ಟವೆಲ್ ತಾಗಿಬಿಟ್ಟಿತ್ತು. ಥೂ! ತುಳಸಮ್ಮ ಬೇರೊಂದು ಸೀರೆ ನೀರಿಗೆ ಅದ್ದಿ, ಹಿಂಡಿ, ಒದ್ದೆಯದನ್ನೇ ಉಟ್ಟು ಹಲ್ಲು ಕಡಿಯುತ್ತ ಅಡುಗೆ ಮುಗಿಸಿದಳು. ಸೀರೆ ಬದಲಿಸಿ, ಒದ್ದೆ ಕೂದಲಲ್ಲೇ ಆಟೊ ಹತ್ತಿ, ಲಿಫ್ಟ್ ಇಲ್ಲದ ಕ್ಲಿನಿಕ್ಕಿನ ಎರಡು ಮಹಡಿ ಹತ್ತಿ, ಏಸಿ ಕೋಣೆಯಲ್ಲಿ ಗಡಗಡ ನಡುಗುತ್ತ ಮಲಗಿದಳು.

ಯಂತ್ರ ದಿನಕ್ಕೆ ಸಾವಿರದ ಆರುನೂರು ಕ್ಯಾಲರಿ ತೋರಿಸಿತು.

"ನಿಮ್ಮ ದೇಹ ಛಲೋನ ಸುಡಾಕತ್ತೈತ್ರಿ ಅಮ್ಮಾರ," ಎಂದಳು ಸೌಂದರ್ಯ. "ಇಷ್ಟು ಸುಟ್ರ ತೂಕ ಇಳೀಬೇಕಿತ್ತು. ತಿಂದಿದ್ದು ಏನರ ಹೇಳಾಕ ಮರ್ತೀರೇನು?"

ಬಾಗಿಲಲ್ಲಿ ನಿಂತಿದ್ದ ರಾಯರು, "ನಾ ಹೇಳಿದ್ದಿಲ್ಲೇನು?" ಎಂದು ಕಿಸಕ್ಕನೆ ನಕ್ಕರು.

ತುಳಸಮ್ಮ ದಡಕ್ಕನೆ ಎದ್ದು ಕೂತಳು. "ನಸುಕಿನ್ಯಾಗ ಎದ್ದು, ಒದ್ದಿ ಸೀರಿ ಉಟ್ಟು, ನಡಗಿಕೋತ ಅಡಿಗಿ ಮಾಡಿಟ್ಟು ಬಂದೀನಿ. ಬಾಯಿಗೆ ಹನಿ ನೀರು ಹಾಕಿಲ್ಲ. ನಿನ್ನ ಯಂತ್ರಕ್ಕೂ ನಾನೇ ಕಳ್ಳಿ ಆದ್ನೇನವ್ವಾ?"

ಸೌಂದರ್ಯ ಹಣೆ ಬಡಿದುಕೊಂಡಳು. "ಅಯ್ಯ ಶಿವನ! ನಡಗಿದ್ರ ದೇಹ ಜಾಸ್ತಿ ಸುಡತೈತ್ರಿ. ಮ್ಯಾಲ ಅಷ್ಟು ಕೆಲಸ, ಮೆಟ್ಲ ಬ್ಯಾರೆ! ನಾ ಬಡಕೊಂಡಿದ್ದು ಏನು, ನೀವು ಮಾಡಿದ್ದು ಏನು? ಮಂಗಳವಾರ ಮತ್ತ ಬರ್ರಿ. ದಯವಿಟ್ಟು ಏನೂ ಮಾಡದ ಬರ್ರಿ."

ಮಂಗಳವಾರ ತುಳಸಮ್ಮ ಒಲೆ ಹಚ್ಚದೆ ಹೊರಟಳು. ಮದುವೆಯಾಗಿ ಬಂದಮೇಲೆ ಇದೇ ಮೊದಲು. ರಾಯರೇ ಗೊಣಗುತ್ತ ದೇವರ ಮುಂದೆ ಬಾಳೆಹಣ್ಣು ಇಟ್ಟರು. ಕ್ಲಿನಿಕ್ಕಿನಲ್ಲಿ ಕಂಬಳಿ ಹೊದಿಸಿ ಅರ್ಧ ಗಂಟೆ ಸುಮ್ಮನೆ ಮಲಗಿಸಿ, ಆಮೇಲೆ ಅಳೆದರು. ಸಾವಿರದ ಇಪ್ಪತ್ತು.

ಕ್ಲಿನಿಕ್ಕಿನ ಡಾಕ್ಟರು ರಾಯರನ್ನೂ ಒಳಗೆ ಕರೆದರು. "ಈ ವಯಸ್ಸು, ಈ ತೂಕಕ್ಕೆ ಇದು ತೀರಾ ಕಡಿಮೆ. ಮೊದಲು ಥೈರಾಯ್ಡ್ ಪರೀಕ್ಷೆ ಮಾಡಿಸ್ರಿ. ಎರಡನೇದು, ವರ್ಷಗಟ್ಟಲೆ ಅರೆಹೊಟ್ಟೆ ಇದ್ದರೆ ಸ್ನಾಯು ಕರಗ್ತಾವೆ, ದೇಹ ಸಿಕ್ಕಷ್ಟರಲ್ಲೇ ಸಂಸಾರ ತೂಗಿಸೋದು ಕಲೀತದೆ. ಸುಳ್ಳು ಹೇಳಿಲ್ಲ ಇವರು. ಇನ್ನ ಉಪವಾಸ ಸಾಕು. ಬೇಳೆ, ಕಾಳು, ಮೊಸರು ಹೊತ್ತಿಗೆ ಸರಿಯಾಗಿ ತಿನ್ನಬೇಕು, ತೊಡೆಗೆ ಬಲ ಬರೋ ವ್ಯಾಯಾಮ ಮಾಡಬೇಕು."

ತಿನ್ನಬೇಕಂತೆ! ತೂಕ ಇಳಿಸಲು! ಕರ್ಮ ಕರ್ಮ! ವರ್ಷವಿಡೀ ಹೊಟ್ಟೆ ಕಟ್ಟಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ಅವಳಿಗೆ ಅಳುವೇ ಬಂತು. ಆದರೂ ಏಕಾದಶಿಯೊಂದನ್ನು ಬಿಡುವುದಿಲ್ಲವೆಂದು ಡಾಕ್ಟರ ಜೊತೆ ಜಗಳವಾಡಿಯೇ ಎದ್ದಳು.

ಆಟೊದಲ್ಲಿ ರಾಯರು ರಿಪೋರ್ಟನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಕೌಲ್ ಬಜಾರಿನ ಸಂದಣಿಯಲ್ಲಿ ಆಟೊ ನಿಂತಾಗ ಮೆಲ್ಲಗೆ ಕೇಳಿದರು: "ಅಂದ್ರ... ಇಷ್ಟು ವರ್ಷ ನೀ ಹಸಕೊಂಡೇ ಇದ್ದೇನು?"

"ಒಂದಿನಾರ ನನ್ನ ಜೋಡಿ ಊಟಕ್ಕ ಕೂತಿದ್ರ," ಎಂದಳು ತುಳಸಮ್ಮ, "ಇದನ್ನ ತಿಳಕೊಳ್ಳಲಿಕ್ಕೆ ನಿಮಗ ಯಂತ್ರ ಬೇಕಾಗ್ತಿದ್ದಿಲ್ಲ."